ಪೂಜೆಗೆ ಕೂರದ ಚಾಕು

ಗಾಜನ್ನೇ ತಿಕ್ಕಿ ಅಳತೆಗೆ ತರುವವನಿಗೆ ಕಬ್ಬಿಣ ಯಾವ ಮಹಾ ಲೆಕ್ಕ? ಹೀಗೆಂದು ಒಂದು ದಿನ ನನ್ನನ್ನು ನಾನೇ ಕೇಳಿಕೊಂಡೆ. ಬೇರೆ ಯಾರೂ ಕೇಳಿರಲಿಲ್ಲ.

ಸಿದ್ದಾಪುರ ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಕೋಲಸಿರ್ಸಿಯ ಮನೆಯಿಂದ ಬೆಳಿಗ್ಗೆ ಬೈಕಿನಲ್ಲಿ ಹೋಗಿ, ಊರಿನವರ ಕಣ್ಣಿಗೆ ಗಾಜು ಹೊಂದಿಸಿ, ಸಂಜೆ ಮರಳುವುದು ನನ್ನ ದಿನಚರಿ. ದುಂಡು ಗಾಜನ್ನು ಫ್ರೇಮಿನ ಅಳತೆಗೆ ತಿಕ್ಕುವಾಗ ಕೂದಲೆಳೆಯಷ್ಟು ಹೆಚ್ಚಾದರೆ ಅದು ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯಾದರೆ ಊಟದ ಹೊತ್ತಿಗೆ ಸಾರಿನಲ್ಲಿ ಬೀಳುತ್ತದೆ. ಇಂಥ ನಾಜೂಕಿನ ಕೆಲಸದಲ್ಲಿ ಪಳಗಿದ ಕೈ ಚಾಕು ಮಾಡುವ ಹವ್ಯಾಸಕ್ಕೆ ಇಳಿದರೆ, ಧನ್ಯವಾಗಬೇಕಾದದ್ದು ಚಾಕು. ನಾನು ಹಾಗೆಂದೇ ತಿಳಿದಿದ್ದೆ.

ಇದಕ್ಕೆಲ್ಲ ಮೂಲ ಮೊಬೈಲಿನಲ್ಲಿ ಕಂಡ ಒಬ್ಬ ಗಡ್ಡದ ಮನುಷ್ಯ. ಅವನು ಒಂದು ಮಾತೂ ಆಡದೆ, ತುಕ್ಕು ಹಿಡಿದ ಪಟ್ಟಿಯೊಂದನ್ನು ತಿಕ್ಕಿ, ಕಾಸಿ, ಅದ್ದಿ, ನಾನು ಚಹಾ ಕುಡಿದು ಮುಗಿಸುವುದರೊಳಗೆ ಕನ್ನಡಿಯಂಥ ಚಾಕು ಮಾಡಿಬಿಟ್ಟ. ನನಗೆ ಅಂಥದೇ ಚಾಕುವಿಗೆ ಇಡೀ ಮಳೆಗಾಲ ಹಿಡಿಯಿತು. ಅಟ್ಟದ ಮೇಲಿದ್ದ ಹಳೆಯ ಗರಗಸವೇ ನನ್ನ ಉಕ್ಕು. ಬಚ್ಚಲ ಒಲೆಯೇ ಕುಲುಮೆ. ಮನೆಯವರು ಸ್ನಾನಕ್ಕೆ ನೀರು ಕಾಯಿಸುವಾಗ ನಾನು ಅದೇ ಬೆಂಕಿಯಲ್ಲಿ ಅಲಗು ಕಾಯಿಸುತ್ತಿದ್ದೆ. ಕೆಂಪಗಾದ ಅಲಗನ್ನು ಎಣ್ಣೆಯಲ್ಲಿ ಅದ್ದಬೇಕು ಎಂದು ಗಡ್ಡದವನು ತೋರಿಸಿದ್ದ. ಯಾವ ಎಣ್ಣೆ ಎಂದು ಹೇಳಿರಲಿಲ್ಲ, ಅವನು ಮಾತೇ ಆಡುವವನಲ್ಲವಲ್ಲ. ನಾನು ಅಡುಗೆಮನೆಯ ಎಣ್ಣೆ ಡಬ್ಬಿಗೇ ಅದ್ದಿದೆ. ಆಮೇಲೆ ಆ ಡಬ್ಬಿ ಖಾಲಿಯಾಗುವವರೆಗೂ ನಮ್ಮ ಮನೆಯ ಒಗ್ಗರಣೆಗೆ ಕಬ್ಬಿಣದಂಗಡಿಯ ವಾಸನೆ ಬರುತ್ತಿತ್ತು.

ಅಲಗು ಒಂದು ಹದಕ್ಕೆ ಬಂದ ಮೇಲೆ ಹಿಡಿಯ ಚಿಂತೆ ಹತ್ತಿಕೊಂಡಿತು. ಪ್ಲಾಸ್ಟಿಕ್ ಹಿಡಿಯ ಚಾಕು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ. ನನ್ನ ಚಾಕುವಿಗೆ ಮರದ ಹಿಡಿಯೇ ಆಗಬೇಕು, ಅದೂ ಒಳ್ಳೆಯ ಮರದ್ದು. ಆ ದಿನಗಳಲ್ಲಿ ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಬಗ್ಗಿ ಅದರ ಕಾಲು ನೋಡುವ ಚಟ ಬಂದಿತ್ತು. ಹಲಸೋ, ಹೊನ್ನೆಯೋ, ಸಾಗವಾನಿಯೋ ಎಂದು ಉಗುರಿನಿಂದ ಕೆರೆದು ನೋಡುತ್ತಿದ್ದೆ. ಒಂದು ಮದುವೆಮನೆಯಲ್ಲಿ ಹಾಗೆಯೇ ಬಗ್ಗಿದ್ದಾಗ ಹೆಣ್ಣಿನ ಸೋದರಮಾವ ಬಂದು, "ಎಂತ ಕಳೆದು ಹೋಯ್ದು?" ಎಂದು ಕೇಳಿ ತಾವೂ ನನ್ನ ಜೊತೆ ನೆಲದ ಮೇಲೆ ಹುಡುಕತೊಡಗಿದರು. ಕಡೆಗೆ ನಮ್ಮ ಮನೆಯಲ್ಲೇ ಮುರಿದು ಬಿದ್ದಿದ್ದ ಮಂಚದ ಬೀಟೆ ಕಾಲು ಸಿಕ್ಕಿತು. ಅದರಿಂದ ಒಂದು ತುಂಡು ಕೊಯ್ದು, ಕೆತ್ತಿ, ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಎಣ್ಣೆ ಉಜ್ಜಿ, ಮತ್ತೆ ತಿಕ್ಕಿ, ಮತ್ತೆ ಉಜ್ಜಿದೆ.

"ನಿಂಗ ತಲೆಗೆ ಇಷ್ಟು ಎಣ್ಣೆ ತಿಕ್ಕಿದ್ರೆ ನಾಕು ಕೂದ್ಲಾದ್ರೂ ಉಳೀತಿತ್ತು" ಎಂದಳು ನನ್ನ ಹೆಂಡತಿ ಸರೋಜ.

ಕಲಾವಿದನಿಗೆ ಮನೆಯವರು ಹೀಗೆ ಹೇಳುವುದು ಇದ್ದದ್ದೇ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನು ಹಿಡಿಗೆ ಅಲಗನ್ನು ಕೂರಿಸುವ ವಿಷಯ. ಅಂಗಡಿಯ ಗೋಂದು ಹಚ್ಚಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂದು ಎಲ್ಲರೂ ಹೇಳಿದರು. ಆದರೆ ಇಂಥ ಕುಲೀನ ಚಾಕುವಿಗೆ ಟ್ಯೂಬಿನ ಗೋಂದು ಹಾಕುವುದು ರೇಷ್ಮೆ ಸೀರೆಗೆ ಸೆಣಬಿನ ದಾರದಲ್ಲಿ ತೇಪೆ ಹಾಕಿದಂತೆ. ಹಳೆಯ ಕಾಲದಲ್ಲಿ ರಾಳವನ್ನು ಕರಗಿಸಿ, ಇಟ್ಟಿಗೆಪುಡಿ ಬೆರೆಸಿ, ಹಿಡಿಯ ತೂತಿಗೆ ಸುರಿದು, ಅಲಗಿನ ಬಾಲವನ್ನು ಅದರಲ್ಲಿ ಊರುತ್ತಿದ್ದರಂತೆ. ನಾನೂ ಹಾಗೆಯೇ ಮಾಡಿದೆ. ಆರಿದ ಮೇಲೆ ಎಳೆದು ನೋಡಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ.

ನಿಜ ಹೇಳುತ್ತೇನೆ, ಆ ಚಾಕು ಚೆನ್ನಾಗಿತ್ತು. ವೀಳ್ಯದೆಲೆಯ ತುದಿಯಂತೆ ಇಳಿದು ಬಂದ ಅಲಗು, ಅಂಗೈಯೊಳಗೆ ತಾನಾಗಿ ಬಂದು ಕೂರುವ ಹಿಡಿ, ಬೀಟೆಯ ಕಪ್ಪು ಗೆರೆಗಳು ಒಂದರ ಪಕ್ಕ ಒಂದು. ಹೆಮ್ಮೆಯಿಂದ ನನಗೆ ಆ ದಿನ ಊಟ ಸೇರಲಿಲ್ಲ. ಅಂಗಡಿಗೆ ಒಯ್ದು ಗಿರಾಕಿಗಳಿಗೆ ತೋರಿಸಿದೆ. ಕಣ್ಣಿನ ಪರೀಕ್ಷೆಗೆಂದು ಬಂದವರಿಗೆ ಗೋಡೆಯ ಅಕ್ಷರದ ಬದಲು ಚಾಕುವಿನ ಗೆರೆ ತೋರಿಸಿ, "ಕಾಣ್ತಾ?" ಎಂದು ಕೇಳಿದ್ದೂ ಉಂಟು.

ತೊಂದರೆ ಇದ್ದದ್ದು ಒಂದೇ. ನಮ್ಮ ಮನೆಯಲ್ಲಿ ಚಾಕುವಿಗೆ ಕೆಲಸವೇ ಇರಲಿಲ್ಲ.

ನಮ್ಮ ಕಡೆ ತರಕಾರಿ ಹೆಚ್ಚುವುದು ಮೆಟ್ಟುಗತ್ತಿಯಲ್ಲಿ. ನೆಲದ ಮೇಲೆ ಕೂತು, ಅದರ ಹಲಗೆಯನ್ನು ಕಾಲಿನಿಂದ ಮೆಟ್ಟಿ, ಎದುರಿಗೆ ನೆಟ್ಟಗೆ ನಿಂತ ಅಲಗಿಗೆ ಎರಡೂ ಕೈಯಿಂದ ತರಕಾರಿಯನ್ನೇ ಒತ್ತುವುದು. ಕತ್ತಿ ನಿಂತಲ್ಲೇ ಇರುತ್ತದೆ, ತರಕಾರಿ ನಡೆದು ಬರುತ್ತದೆ. ಸರೋಜಳ ಕೈಗೆ ನನ್ನ ಚಾಕು ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ನ ಒಂದು ಕೈಯಲ್ಲಿ ಹಿಡ್ಕಂಡ್ರೆ ಬದ್ನೆಕಾಯಿ ಹಿಡ್ಕಂಬವು ಯಾರು?"

"ಇನ್ನೊಂದು ಕೈ ಇದ್ದಲೇ."

"ಅದೂ ಬದ್ನೆಕಾಯಿಗೇ ಬೇಕು" ಎಂದು ಮೆಟ್ಟುಗತ್ತಿಯ ಮುಂದೆ ಕೂತಳು. ಚಾಕು ಶೋಕೇಸಿಗೆ ಹೋಗಿ ಗೊಂಬೆಗಳ ನಡುವೆ ನಿಂತಿತು.

ಹೀಗಿರುವಾಗ ನವರಾತ್ರಿ ಬಂತು. ನವಮಿಯ ದಿನ ಬೆಳಿಗ್ಗೆ ಅಂಗಡಿಗೆ ಹೋಗಿ, ಗಾಜು ತಿಕ್ಕುವ ಯಂತ್ರಕ್ಕೂ, ಸಣ್ಣ ಸಣ್ಣ ಸ್ಕ್ರೂಡ್ರೈವರುಗಳಿಗೂ, ಪಕ್ಕಡ್ಡುಗಳಿಗೂ ಕುಂಕುಮ ಹಚ್ಚಿ, ಪೂಜೆ ಮಾಡಿ, ಶಟರ್ ಎಳೆದು ಮನೆಗೆ ಬಂದೆ. ಮನೆಯಲ್ಲಿ ಆಯಿ, ಅಂದರೆ ನನ್ನ ತಾಯಿ, ದೇವರ ಮುಂದೆ ಆಯುಧಗಳನ್ನು ಜೋಡಿಸುತ್ತಿದ್ದಳು. ಮೆಟ್ಟುಗತ್ತಿ, ಕೊಡಲಿ, ಗುದ್ದಲಿ, ಹಾರೆ, ಸುತ್ತಿಗೆ, ಪಕ್ಕಡ್, ಕಾಯಿ ತುರಿಯುವ ಮಣೆ, ಒನಕೆ, ಹೊಲಿಗೆ ಮಿಶಿನ್ನು, ಮಿಕ್ಸಿ. ಒಮ್ಮೆ ಪೂಜೆಯಾಯಿತೆಂದರೆ ಮರುದಿನ ಬೆಳಿಗ್ಗೆ ಆರತಿ ಮಾಡಿ ಎತ್ತುವ ತನಕ ಒಂದನ್ನೂ ಮುಟ್ಟುವಂತಿಲ್ಲ. ಆದ್ದರಿಂದ ಸರೋಜ ಮುಂಚೆಯೇ ಎರಡೂ ಹೊತ್ತಿನ ತರಕಾರಿ ಹೆಚ್ಚಿಟ್ಟಿದ್ದಳು.

ನಾನು ಶೋಕೇಸಿನಿಂದ ಚಾಕುವನ್ನು ತಂದು, ಒಂದು ವೀಳ್ಯದೆಲೆಯ ಮೇಲೆ ಮಲಗಿಸಿ, ಮೆಟ್ಟುಗತ್ತಿಯ ಪಕ್ಕ ಇಟ್ಟೆ.

"ಇದು ಎಂತಕ್ಕೆ?" ಎಂದಳು ಸರೋಜ.

"ಆಯುಧ ಅಲ್ದಾ?"

"ಆಯುಧ ಅಂದ್ರೆ ವರ್ಷ ಪೂರ್ತಿ ದುಡಿಯದು. ಪಾಪ ದಣದ್ದು ಹೇಳಿ ಒಂದಿನ ಕೂರ್ಸಿ ಪೂಜೆ ಮಾಡದು. ಇದು ಎಂತ ಕೊಯ್ದಿದ್ದು?"

"ಪೇಪರ್ ಕೊಯ್ದಿದ್ದು. ಗಾಳಿಯಲ್ಲಿ ಹಿಡಿದ್ರೂ ಸರ್ರನೆ ಕೊಯ್ತು."

"ಹಂಗಾರೆ ಪೇಪರಿನವು ಪೂಜೆ ಮಾಡ್ಲಿ."

ನಾನು ಮನೆಯ ಸುಪ್ರೀಂ ಕೋರ್ಟಾದ ಆಯಿಯ ಕಡೆ ತಿರುಗಿದೆ. ಆಯಿ ಹೂವು ಇಡುತ್ತಿದ್ದವಳು ತಲೆ ಎತ್ತದೆ, "ತಮಾ, ಅದು ದುಡದ್ದಿಲ್ಲೆ. ಬರೋ ವರ್ಷ ನೋಡನ" ಎಂದಳು. ಮಿಕ್ಸಿಗೆ ಜಾಗವಿದೆ, ಹೋದ ತಿಂಗಳು ಕೆಟ್ಟು ನಿಂತ ಹೊಲಿಗೆ ಮಿಶಿನ್ನಿಗೂ ಜಾಗವಿದೆ, ನಾನು ಮಳೆಗಾಲವಿಡೀ ಬೆವರು ಸುರಿಸಿ ಮಾಡಿದ ಚಾಕುವಿಗೆ ವೀಳ್ಯದೆಲೆಯಷ್ಟು ಜಾಗವಿಲ್ಲ. ನನಗೆ ತುಂಬ ಬೇಜಾರಾಯಿತು. ಚಾಕುವನ್ನು ಎತ್ತಿಕೊಂಡು ಹೋಗಿ ಗೊಂಬೆಗಳ ನಡುವೆ ನಿಲ್ಲಿಸಿದೆ. ಒಂದಲ್ಲ ಒಂದು ದಿನ ಇವರೇ ಇದನ್ನು ಎರಡೂ ಕೈಯಲ್ಲಿ ಎತ್ತಿ ತಂದು ದೇವರ ಮುಂದೆ ಕೂರಿಸುತ್ತಾರೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಆ ದಿನ ಇಷ್ಟು ಬೇಗ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಅಡ್ಡಾಗಿದ್ದೆ. ಅಂಗಳದಲ್ಲಿ ಹಾರ್ನ್ ಕೇಳಿತು. ಯಲ್ಲಾಪುರದಿಂದ ಅಕ್ಕ, ಭಾವ ಮತ್ತು ಭಾವನ ಕಡೆಯ ನಾಲ್ಕಾರು ಜನ ಹೊಸ ಕಾರಿನಿಂದ ಇಳಿಯುತ್ತಿದ್ದರು. ಬೆಳಿಗ್ಗೆ ಕಾರಿಗೆ ಪೂಜೆ ಮಾಡಿಸಿ ಮೊದಲ ಸವಾರಿ ತವರುಮನೆಗೇ ಆಗಲೆಂದು ಅಕ್ಕ ಹಟ ಹಿಡಿದಿದ್ದಳಂತೆ. ಬರಿಗೈಯಲ್ಲಿ ಬರಬಾರದೆಂದು ಭಾವ ಡಿಕ್ಕಿಯಿಂದ ಒಂದು ಸಿಹಿಗುಂಬಳಕಾಯಿಯನ್ನು ಇಳಿಸಿದರು. ಎತ್ತಲು ಇಬ್ಬರು ಬೇಕಾಗುವಂಥದ್ದು.

"ರಾತ್ರಿ ಉಂಡ್ಕಂಡೇ ಹೋಪದು" ಎಂದು ಆಯಿ ಎಲ್ಲರನ್ನೂ ಉಳಿಸಿಕೊಂಡಳು. ಸರೋಜ ಒಳಗೆ ಹೋಗಿ ಹೆಚ್ಚಿಟ್ಟ ತರಕಾರಿ ನೋಡಿದಳು. ಅದು ನಮಗಷ್ಟೇ ಸಾಲುವಂತಿತ್ತು. ಆದರೆ ಅವಳು ಅಂಜುವವಳಲ್ಲ. "ಉಪ್ಪುಮಾವಿನಕಾಯಿ ಕಿವುಚಿ ಅಪ್ಪೆಹುಳಿ ಮಾಡ್ತೆ, ತಂಬ್ಳಿ ಮಾಡ್ತೆ, ಹಪ್ಪಳ ಸುಡ್ತೆ. ಎಂತದೂ ಕೊಯ್ಯದೇ ಬ್ಯಾಡ" ಎಂದಳು. ಭಾವ, "ಧಾರಾಳ ಆತು" ಎಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ಭಾವ ಯಲ್ಲಾಪುರದಿಂದ ಹೊತ್ಕಂಡು ಬಂದ ಕುಂಬಳಕಾಯಿ ಇದ್ದು. ಅದರದ್ದು ಹುಳಿ ಮಾಡದ್ದೆ ಕಳಿಸಿದ್ರೆ ಚೊಲೋ ಆಗ್ತಾ?" ಎಂದೆ.

"ಎಂತದ್ರಲ್ಲಿ ಕೊಯ್ಯದು?" ಎಂದಳು ಸರೋಜ.

ನಾನು ಶೋಕೇಸಿನ ಕಡೆ ನೋಡಿದೆ.

"ಅದು ಆಯುಧ ಅಲ್ಲ ಹೇಳಿ ಬೆಳಿಗ್ಗೆಯೇ ತೀರ್ಮಾನ ಆಯ್ದು."

"ಅಲ್ದೇ ಇದ್ದದ್ದಕ್ಕೇ ಈಗ ಮುಟ್ಟಲಕ್ಕು" ಎಂದೆ.

ಇಂಥ ವಾದಕ್ಕೆ ಯಾವ ವಕೀಲನೂ ಉತ್ತರ ಕೊಡಲಾರ. ಇಡೀ ಊರಿನಲ್ಲಿ ಆ ಹೊತ್ತಿನಲ್ಲಿ ಕುಂಕುಮ ಹಚ್ಚದೆ ಉಳಿದ ಅಲಗೆಂದರೆ ನನ್ನದೊಂದೇ ಇದ್ದಿರಬೇಕು! ಬೆಳಿಗ್ಗೆ ಆದ ಅವಮಾನವೇ ಸಂಜೆಗೆ ಅರ್ಹತೆಯಾಗಿತ್ತು. ಅದೂ ಅಲ್ಲದೆ, ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಪೆಟ್ಟು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಗಂಡಸು ಒಡೆದುಕೊಟ್ಟ ಮೇಲೆಯೇ ಅವರು ಮುಂದುವರಿಸುವುದು. ಅಂದರೆ ಚಾಕುವೂ ನನ್ನದು, ಕೈಯೂ ನನ್ನದು, ನೋಡುವುದಕ್ಕೆ ಯಲ್ಲಾಪುರದಿಂದ ಕಾರಿನ ತುಂಬ ಜನ.

ಇಲ್ಲಿ ಅಂಗಡಿಯ ಒಂದು ಅಭ್ಯಾಸ ಹೇಳಬೇಕು. ಕನ್ನಡಕದ ಕಡ್ಡಿಯನ್ನು ಕಿವಿಗೆ ಹೊಂದುವಂತೆ ಬಗ್ಗಿಸಬೇಕಾದರೆ ಮೊದಲು ಅದನ್ನು ಬಿಸಿ ಮಾಡಬೇಕು. ಬಿಸಿ ಮಾಡದೆ ನಾನು ಯಾವ ಗಿರಾಕಿಗೂ ಏನನ್ನೂ ಕೊಟ್ಟವನಲ್ಲ. ಚಾಕು ತಿಂಗಳಿಂದ ಗೊಂಬೆಗಳ ಜೊತೆ ಧೂಳು ಹಿಡಿದು ನಿಂತಿತ್ತು, ಅಲಗಿನ ಮೇಲೆ ಮಿಶಿನ್ ಎಣ್ಣೆಯಿತ್ತು. ಅಡುಗೆಗೆ ಮುಟ್ಟಿಸುವ ವಸ್ತು ಚೊಕ್ಕಟವಾಗಿರಲಿ ಎಂದು, ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆಗೆ ಹಿಡಿಸಮೇತ ಅದ್ದಿ, ಚೆನ್ನಾಗಿ ಬಿಸಿಯಾಗುವ ತನಕ ಬಿಟ್ಟೆ.

ದೇವರ ಕೋಣೆಯಿಂದ ಆಯಿಯ ಧ್ವನಿ ಬಂತು. "ಧೂಪ ಹಾಕಿದ್ದು ಯಾರು? ಎಷ್ಟು ಚೊಲೋ ಪರಿಮಳ."

ಯಾರೂ ಧೂಪ ಹಾಕಿರಲಿಲ್ಲ. ನಾನೂ ಮೂಗು ಅರಳಿಸಿ, ಶುಭ ಶಕುನ ಎಂದುಕೊಂಡೆ. ರಾಳ ಎಂಬುದೂ ಧೂಪ ಎಂಬುದೂ ಹತ್ತಿರದ ನೆಂಟರು, ಬಿಸಿ ತಗುಲಿದರೆ ಎರಡೂ ಕರಗುತ್ತವೆ ಎಂಬ ಸಂಗತಿ ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲಿಲ್ಲ.

ಜಗಲಿಯಲ್ಲಿ ಗೋಣಿತಾಟು ಹಾಸಿ ಕುಂಬಳಕಾಯಿಯನ್ನು ಕೂರಿಸಿದರು. ಎಲ್ಲರೂ ಸುತ್ತ ನಿಂತರು. ನಾನು ಚಾಕುವನ್ನು ಮೇಲೆತ್ತಿ, ಬೀಟೆ ಮರದ ಗುಣ, ಗರಗಸದ ಉಕ್ಕಿನ ಗುಣ, ಹಿಡಿಯ ಆಕಾರದ ಹಿಂದಿನ ವಿಚಾರ ಎಲ್ಲವನ್ನೂ ಸಂಕ್ಷಿಪ್ತವಾಗಿ ವಿವರಿಸಿದೆ. ಭಾವನ ಕಡೆಯ ಒಬ್ಬರು ಆಕಳಿಸಿದ ಮೇಲೆ ಭಾಷಣ ನಿಲ್ಲಿಸಿ, ಕುಂಬಳಕಾಯಿಯ ತೊಟ್ಟಿನ ಪಕ್ಕ ತುದಿಯಿಟ್ಟು ಒತ್ತಿದೆ.

ಒಂದೇ ಒತ್ತು. ಅಲಗು ಹಿಡಿಯ ತನಕ ಸರ್ರನೆ ಇಳಿಯಿತು. ಜಾರಲಿಲ್ಲ, ತಡೆಯಲಿಲ್ಲ, ಸದ್ದೂ ಮಾಡಲಿಲ್ಲ. ಹಳೆಯ ಕುಂಬಳಕಾಯಿಯ ಆ ಗಟ್ಟಿ ಸಿಪ್ಪೆ ಬೆಣ್ಣೆಯಂತೆ ಬಿಟ್ಟುಕೊಟ್ಟಿತು.

"ಅಡ್ಡಿಲ್ಲೆ" ಎಂದರು ಭಾವ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ. ಯಕ್ಷಗಾನದ ಮೇರು ಕಲಾವಿದನಿಗೂ, ಮದುವೆಯ ಹೋಳಿಗೆಗೂ, ಸ್ವಂತ ಮಗನ ರ‍್ಯಾಂಕಿಗೂ ಇಲ್ಲಿಯವರು ಹೇಳುವುದು ಇದೊಂದೇ ಮಾತು. ನಾನು ಬಾಗಿಲಲ್ಲಿ ನಿಂತ ಸರೋಜಳನ್ನು ನೋಡಿದೆ. ಅವಳ ಹುಬ್ಬು ಸ್ವಲ್ಪ ಮೇಲೇರಿತ್ತು. ನನ್ನ ಬದುಕಿನ ಅತಿ ಎತ್ತರದ ಗಳಿಗೆ ಅದು. ಅಲ್ಲಿಗೇ ಮುಗಿಸಿ ಕೈಮುಗಿದು ಒಳಗೆ ಹೋಗಬಹುದಿತ್ತು. ಆದರೆ ಕುಯ್ಯಬೇಕೆಂದರೆ ಚಾಕುವನ್ನು ಎಳೆಯಲೇಬೇಕಲ್ಲ.

ಎಳೆದೆ. ಹಿಡಿ ಬಂತು.

ಹಿಡಿ ಮಾತ್ರ ಬಂತು. ಕುಂಬಳಕಾಯಿಯ ಮೇಲೆ ಅಲಗಿನ ಬಾಲ ಮೊಳಕೆಯಂತೆ ಮೇಲೆದ್ದು ನಿಂತಿತ್ತು. ಅದರ ತುದಿಯಿಂದ ಕರಗಿದ ರಾಳ ಜೇನಿನಂತೆ ಇಳಿಯುತ್ತಿತ್ತು.

"ಇದು ಹೀಂಗೇ ಬಿಚ್ಚಿ ಇಡದಾ?" ಎಂದು ಕೇಳಿದಳು ಅಕ್ಕ, ಪಾಪ, ನಿಜವಾಗಿಯೂ ತಿಳಿದುಕೊಳ್ಳಲೆಂದು.

"ಹೌದು, ತೊಳೆಯಲೆ ಅನುಕೂಲ ಆಗ್ತು" ಎಂದೆ. ಮುಖ ಉಳಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ. ಬಾಲಕ್ಕೆ ಬೆರಳು ಹಾಕಿದೆ. ಕುದಿಯುವ ನೀರಿನಿಂದ ಎದ್ದ ಕಬ್ಬಿಣ! ಕೈ ಸುಟ್ಟಿತು, ರಾಳ ಅಂಟಿತು. ಆಗ ನನ್ನೊಳಗಿನ ಕುಶಲಕರ್ಮಿಗೆ ಒಂದು ಉಪಾಯ ಹೊಳೆಯಿತು. ರಾಳ ಇನ್ನೂ ಬಿಸಿಯಿದೆ, ಹಿಡಿಯನ್ನು ಮತ್ತೆ ಬಾಲಕ್ಕೆ ಸಿಕ್ಕಿಸಿ ಮೇಲಿನಿಂದ ಒಂದು ಗುದ್ದು ಕೊಟ್ಟರೆ ಗಟ್ಟಿಯಾಗಿ ಕೂರುತ್ತದೆ. ಹಿಡಿಯನ್ನು ಬಾಲದ ತುದಿಗಿಟ್ಟು, ಅಂಗೈಯಿಂದ ಬಲವಾಗಿ ಗುದ್ದಿದೆ.

ಅಲಗಿನ ಹರಿತದ ಬಗ್ಗೆ ನಾನು ಮೊದಲೇ ಹೇಳಿದ್ದೇನೆ. ಹಿಡಿಯ ತೂತಿನಲ್ಲಿ ರಾಳ ಆಗಲೇ ಗಟ್ಟಿಯಾಗಿತ್ತು, ಬಾಲ ಅದರೊಳಗೆ ಹೋಗುವ ಬದಲು ಅಲಗೇ ಬಾಲಸಮೇತ ಕುಂಬಳಕಾಯಿಯೊಳಗೆ 'ಪಚ್' ಎಂದು ಇಳಿದುಹೋಯಿತು. ಕುಂಬಳಕಾಯಿಯ ಮೇಲೆ ಈಗ ಉಳಿದದ್ದು ಒಂದು ಗೀರು, ಅದರ ಸುತ್ತ ಸ್ವಲ್ಪ ರಾಳ. ಚಾಕುವನ್ನು ಹೀಗೆ ಪೂರ್ತಿಯಾಗಿ ನುಂಗಿದ ಕುಂಬಳಕಾಯಿಯನ್ನು ಜಗಲಿಯಲ್ಲಿದ್ದ ಯಾರೂ ಮೊದಲು ಕಂಡಿರಲಿಲ್ಲ.

"ಇದನ್ನು ಹೊರಗೆ ತೆಗಿಯದು ಹ್ಯಾಂಗೆ?" ಎಂದರು ಭಾವ.

"ಎಂತ ಇಲ್ಲೆ, ಒಂದು ಪಕ್ಕಡ್ ಇದ್ರೆ ಆತು."

ನಮ್ಮ ಪಕ್ಕಡ್ ದೇವರ ಮುಂದೆ ಸುತ್ತಿಗೆಯ ಪಕ್ಕ ಕುಂಕುಮ ಹಚ್ಚಿಕೊಂಡು ಕೂತಿತ್ತು. ನಾನು ಆ ಕಡೆ ಹೆಜ್ಜೆ ಇಡುತ್ತಿದ್ದಂತೆ ಆಯಿ ಅಡ್ಡ ಬಂದಳು. "ಮುಟ್ಟಡ ತಮಾ. ನಾಳೆ ಬೆಳಿಗ್ಗೆ ತನಕ ಒಂದನ್ನೂ ಎತ್ತಲಾಗ." ಭಾವನ ಕಾರಿನಲ್ಲಿ ಪಾನಾ, ಪಕ್ಕಡ್ ಇರುತ್ತದಲ್ಲ ಎಂದು ನೆನಪಾಯಿತು. ಭಾವ ತಲೆ ಕೆರೆದುಕೊಂಡರು. ಅದೆಲ್ಲವೂ ಯಲ್ಲಾಪುರದಲ್ಲಿ ಅವರ ಮನೆಯ ದೇವರ ಮುಂದಿತ್ತು.

"ದಾರಿಯಲ್ಲಿ ಪಂಕ್ಚರ್ ಆಗಿದ್ರೆ ಎಂತ ಮಾಡ್ತಿದ್ರಿ?" ಎಂದಳು ಸರೋಜ.

"ಪೂಜೆ ಮಾಡ್ಸಿದ ಕಾರು ಪಂಕ್ಚರ್ ಆಗ್ತಿಲ್ಲೆ" ಎಂದರು ಭಾವ, ಗಂಭೀರವಾಗಿ.

ಪಕ್ಕದ ಮನೆಯ ಗೋವಿಂದ ನಾಯ್ಕರ ಬಳಿ ಓಡಿದೆ. ಅವರ ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿತ್ತು. ಅದರ ಮುಂದೆ ಸಾಲಾಗಿ ಅವರ ಮನೆಯ ಕಬ್ಬಿಣವೆಲ್ಲ ಹೂವು ಮುಡಿದು ಮಲಗಿತ್ತು.

"ಪಕ್ಕಡ್ ಇದ್ದು ಎಂತ ಮಾಡ್ತೀರಿ ಹೆಗಡೇರೆ, ಪೂಜಿಗೆ ಕೂರ್ಸಾಗಿದೆ" ಎಂದ ನಾಯ್ಕರು, ಸುಮ್ಮನೆ ಕಳಿಸದೆ, "ಎಂತಕ್ಕೆ ಬೇಕಿತ್ತು?" ಎಂದು ಕೇಳಿದರು. ನಾನು ಹೇಳಬಾರದಿತ್ತು. ಹೇಳಿದೆ. ನಾಯ್ಕರು, ಅವರ ಹೆಂಡತಿ, ಅವರ ಮನೆಗೆ ಹಬ್ಬಕ್ಕೆ ಬಂದಿದ್ದ ನೆಂಟರು, ಎಲ್ಲರೂ ನನ್ನ ಹಿಂದೆಯೇ ನಮ್ಮ ಜಗಲಿಗೆ ಬಂದರು.

ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯಲು ನನಗೆ ಮನಸ್ಸಿಲ್ಲ. ಭಾವನೂ ನಾಯ್ಕರೂ ಕುಂಬಳಕಾಯಿಯನ್ನು ತಲೆಕೆಳಗಾಗಿ ಎತ್ತಿ ಹಿಡಿದು ಜಾಡಿಸಿದರು. ಒಳಗೆ ಬೀಜ ಅಲುಗಾಡಿತು, ಅಲಗು ಬರಲಿಲ್ಲ. ನಾನು ಹೆಬ್ಬೆರಳು ಮತ್ತು ತೋರುಬೆರಳನ್ನು ಗೀರಿಗೆ ತೂರಿಸಲು ಹೋಗಿ, ರಾಳ ಆರಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಕಲ್ಲಿನ ಮೇಲೆ ಎತ್ತಿ ಒಗೆದರೆ ಒಡೆಯುತ್ತದೆ ಎಂದರು ಯಾರೋ. "ಒಳಗೆ ಇವರ ಚಾಕು ಇದೆ. ಯಾರ ಕಡೆ ಹಾರ್ತದೆ ಅಂತ ಯಾರಿಗೆ ಗೊತ್ತು?" ಎಂದ ನಾಯ್ಕರ ಹೆಂಡತಿ ಮನೆಯವರನ್ನೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿಸಿದರು. ನನ್ನ ಚಾಕುವಿಗೆ ಜನ ಹೆದರಿದ್ದು ಅದೇ ಮೊದಲು. ಅಷ್ಟೆಲ್ಲದರ ನಡುವೆಯೂ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ದೀಪ ಹಚ್ಚುವ ಹೊತ್ತಾಯಿತು. ಆಯಿ ಹೊರಗೆ ಬಂದು, ಕುಂಬಳಕಾಯಿಯನ್ನೂ, ನನ್ನ ಅಂಟಿದ ಬೆರಳುಗಳನ್ನೂ ನೋಡಿ, ತೀರ್ಪು ಕೊಟ್ಟಳು.

"ಕೊಯ್ಯಲೂ ಆಗ್ತಿಲ್ಲೆ, ಬೇಯಿಸಲೂ ಆಗ್ತಿಲ್ಲೆ. ಹೊರಗೆ ಇಟ್ರೆ ಯಾರಾದ್ರೂ ಕೈ ಕೊಯ್ಕತ್ತ. ದೇವರ ಮುಂದೇ ಇಟ್ಬಿಡಿ. ನಾಳೆ ಎಲ್ಲದ್ರ ಜೊತೆ ಎತ್ತಿದ್ರಾತು."

ಹೀಗೆ, ಭಾವ ಒಂದು ಕಡೆ, ನಾಯ್ಕರು ಒಂದು ಕಡೆ ಹಿಡಿದು, ನನ್ನ ಚಾಕುವನ್ನು ಕುಂಬಳಕಾಯಿಸಮೇತ ದೇವರ ಕೋಣೆಗೆ ತಂದು ಮೆಟ್ಟುಗತ್ತಿಯ ಪಕ್ಕ ಕೂರಿಸಿದರು. ಆಯಿ ಅದಕ್ಕೆ ಕುಂಕುಮ ಹಚ್ಚಿ, ದಾಸವಾಳದ ಹೂವಿಟ್ಟು, ಆರತಿ ಬೆಳಗಿದಳು. ಯಾರು ಏನೇ ಹೇಳಲಿ, ಪೂಜೆಗೆ ಕೂತದ್ದು ನನ್ನ ಚಾಕುವೇ. ನಾನು ಅಡ್ಡಬಿದ್ದೆ. ಸಂಜೆ ಪ್ರಸಾದಕ್ಕೆ ಬಂದವರೆಲ್ಲ ಸಾಲಿನ ಕೊನೆಯಲ್ಲಿದ್ದ ಕುಂಬಳಕಾಯಿ ನೋಡಿ, ಇದು ಯಾವ ಹೊಸ ಪದ್ಧತಿ ಎಂದು ಕೇಳಿದರು. ನಾಯ್ಕರು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮೊದಲಿನಿಂದ ಹೇಳಿದರು. ರಾತ್ರಿಯ ಊಟಕ್ಕೆ ಅಪ್ಪೆಹುಳಿ, ತಂಬುಳಿ, ಸುಟ್ಟ ಹಪ್ಪಳ. ಭಾವ ಅಪ್ಪೆಹುಳಿಯನ್ನು ಮತ್ತೆ ಮತ್ತೆ ಬಡಿಸಿಕೊಂಡು ಕುಡಿದರು. ನನ್ನ ಅಂಟಿದ ಬೆರಳಿಗೆ ತುತ್ತು ಸರಿಯಾಗಿ ಸಿಗಲಿಲ್ಲ.

ಅಷ್ಟು ಹೊತ್ತಿನಲ್ಲಿ ಹೊರಡುವುದು ಬೇಡವೆಂದು ಎಲ್ಲರೂ ಉಳಿದರು. ಚಾಕು ಹೊರಬರುವುದನ್ನು ನೋಡದೆ ಹೋಗಲು ಭಾವನಿಗೆ ಮನಸ್ಸಿರಲಿಲ್ಲ ಎಂಬುದು ನನ್ನ ಗುಮಾನಿ.

ಮರುದಿನ ಬೆಳಿಗ್ಗೆ ಆಯಿ ಆರತಿ ಮಾಡಿ ಆಯುಧಗಳನ್ನು ಎತ್ತಿಕೊಟ್ಟಳು. ನಾನು ಪಕ್ಕಡ್ ಹುಡುಕುತ್ತಿದ್ದೆ. ಸರೋಜ ಮೆಟ್ಟುಗತ್ತಿಯ ಮುಂದೆ ಕೂತು, "ಮೊದ್ಲ ಪೆಟ್ಟು ಗಂಡಸು ಹಾಕಾಯ್ದಲೇ" ಎನ್ನುತ್ತ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೀರಿನ ಪಕ್ಕಕ್ಕೆ ಸರಿಯಾಗಿ ಒತ್ತಿದಳು. ಅದು ಎರಡು ಹೋಳಾಗಿ ಬಿತ್ತು. ನಡುವೆ ನನ್ನ ಅಲಗು ಹೊಳೆಯುತ್ತಿತ್ತು. ಒಂದು ಮುಕ್ಕೂ ಆಗಿರಲಿಲ್ಲ, ಧಾರೆ ಹಾಗೆಯೇ ಇತ್ತು. ಭಾವನಿಗೆ ತೋರಿಸಿದೆ. ಅವರು ಅಲಗಿನಲ್ಲಿ ತಮ್ಮ ಮೀಸೆ ನೋಡಿಕೊಂಡರು.

ಇನ್ನು ಹಿಡಿ ಸಿಕ್ಕರೆ ಈ ಸಲ ಗೋಂದನ್ನೇ ಹಾಕಿ ಕೂರಿಸುವುದೆಂದು ತೀರ್ಮಾನಿಸಿದೆ. ಜಗಲಿಯಲ್ಲಿ ಹುಡುಕಿದೆ, ಗೋಣಿತಾಟು ಕೊಡವಿದೆ, ಎಲ್ಲೂ ಇರಲಿಲ್ಲ. ಅಡುಗೆಮನೆಯಿಂದ 'ಟಕ್ ಟಕ್' ಎಂದು ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಸರೋಜ ಕಷಾಯಕ್ಕೆ ಶುಂಠಿ ಜಜ್ಜುತ್ತಿದ್ದಳು. ಜಜ್ಜುತ್ತಿದ್ದದ್ದು ನನ್ನ ಬೀಟೆ ಹಿಡಿಯಲ್ಲಿ.

"ನೋಡಿ ಇಲ್ಲಿ, ಇದು ಎಷ್ಟು ಚೊಲೋ ಇದ್ದು" ಎಂದಳು. "ಕೈಗೆ ಹೇಳಿ ಮಾಡ್ಸಿದ ಹಾಂಗೆ ಕೂತ್ಕತ್ತು. ಭಾರವೂ ಹದ ಇದ್ದು. ಏಲಕ್ಕಿಗೂ ಆಗ್ತು, ಬೆಳ್ಳುಳ್ಳಿಗೂ ಆಗ್ತು."

ಒಂದು ಇಡೀ ಮಳೆಗಾಲ ನಾನು ಕಾದಿದ್ದ ಮಾತು ಅದು. ಎಣ್ಣೆ ಉಜ್ಜಿದ ದಿನಗಳೆಲ್ಲ ಸಾರ್ಥಕವಾದವು.

"ಕೊಡು, ಅಲಗು ಸೇರಿಸ್ತೆ" ಎಂದು ಕೈ ಚಾಚಿದೆ.

"ಸುಮ್ಮಂಗೆ ಎಂತಕ್ಕೆ ಹಾಳ್ಮಾಡ್ತ್ರಿ?" ಎಂದು ಅವಳು ಜಜ್ಜುವುದನ್ನು ಮುಂದುವರಿಸಿದಳು.

ಅಕ್ಕ ಅದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಲ್ಲಾಪುರ ಮುಟ್ಟಿದ ಮೇಲೆ ಫೋನ್ ಮಾಡಿದಳು. "ತಮಾ, ಎಂಗೂ ಒಂದು ಮಾಡಿ ಕಳ್ಸು. ಚಾಕು ಬ್ಯಾಡ, ಹಿಡಿ ಒಂದೇ." ಅವಳ ಹಿಡಿ ನೋಡಿ ಅವಳ ನಾದಿನಿ ಕೇಳಿದಳು. ನಾದಿನಿಯದನ್ನು ನೋಡಿ ಶಿರಸಿಯ ಯಾರೋ ಕೇಳಿದರು. ಮಂಚದ ಒಂದು ಕಾಲು ಮುಗಿದು, ಈಗ ಎರಡನೆಯದಕ್ಕೆ ಗರಗಸ ಹಾಕಿದ್ದೇನೆ. ನಡುನಡುವೆ ಬಿಡುವಾದಾಗ ನಾನು ಚಾಕುಗಳನ್ನೂ ಮಾಡುತ್ತೇನೆ. ಒಂದಕ್ಕಿಂತ ಒಂದು ಚಂದ. ಶೋಕೇಸಿನಲ್ಲಿ ಈಗ ಗೊಂಬೆಗಳಿಗೆ ಜಾಗವಿಲ್ಲ.

ಈ ವರ್ಷದ ನವಮಿಯ ದಿನ ನಾನು ಯಾವ ಚಾಕುವನ್ನೂ ತಂದು ಇಡಲಿಲ್ಲ. ಮೂಲೆಯಲ್ಲಿ ಕೂತು ಆಯಿ ಸಾಲು ಜೋಡಿಸುವುದನ್ನು ನೋಡುತ್ತಿದ್ದೆ. ಸರೋಜ ತಾನಾಗಿ ಅಡುಗೆಮನೆಯಿಂದ ಹಿಡಿಯನ್ನು ತೊಳೆದು ಒರೆಸಿ ತಂದಳು. ವೀಳ್ಯದೆಲೆ ಹಾಸಿ, ಎರಡೂ ಕೈಯಿಂದ ಅದನ್ನು ಇಟ್ಟು, ತುಸು ಓರೆಯಾಗಿದ್ದದ್ದನ್ನು ನೇರ ಮಾಡಿದಳು. ಆಯಿ ಅದಕ್ಕೂ ಕುಂಕುಮ ಹಚ್ಚಿದಳು. ನನ್ನ ಎದೆ ಅಂಗಿಯ ಗುಂಡಿ ಹಾರುವಷ್ಟು ಉಬ್ಬಿತು.

ಸಂಜೆ ಗೋವಿಂದ ನಾಯ್ಕರು ಪ್ರಸಾದಕ್ಕೆ ಬಂದವರು ಬಗ್ಗಿ ಸಾಲನ್ನು ನೋಡಿದರು. "ಹೆಗಡೇರೆ, ನಮ್ಮ ಮನಿಯವರಿಗೂ ಅಂಥದ್ದೊಂದು ಬೇಕಂತೆ. ಅಲಗಿನ ಸಮೇತ ಮಾಡಿಕೊಡ್ತೀರನು?"

ನಾನು ಶಾಲು ಸರಿಮಾಡಿಕೊಂಡು, ತಾಲೂಕಿನ ಚಾಕು ತಯಾರಕನಿಗೆ ತಕ್ಕ ಗಾಂಭೀರ್ಯದಿಂದ ಹೇಳಿದೆ.

"ಹಿಡಿ ನಾನು ಮಾಡಿಕೊಡ್ತೇನೆ ನಾಯ್ಕರೆ. ಚಾಕು ನೀವು ಪೇಟೆಯಲ್ಲೇ ತಗೊಂಬಿಡಿ."